ಪಕ್ಕದ ಮೇಜಿನ ಪದ

ಪಕ್ಕದ ಮೇಜಿನ ಹುಡುಗಿ ಮತ್ತೆ ಹಿರಿಯ ಸಹಾಯಕಿಯ ಕಡೆ ನೋಡಿದಳು. ತಲೆ ತಗ್ಗಿಸಿ ಕಾರ್ಡಿನ ಮೇಲೆ ಒಂದು ಸಾಲು ಗೀಚಿ, ಅಂಗೈಯಿಂದ ಮುಚ್ಚಿಕೊಂಡಳು.

ಏಳನೆಯ ಸಾಲು. ಹಿರಿಯ ಸಹಾಯಕಿ ಎಣಿಸುತ್ತಲೇ ಇದ್ದಳು.

ನಿಘಂಟು ಕಚೇರಿಯ ಸಂಪಾದಕರು ಈ ಸಲ ಹೊಸ ಪಂದ್ಯ ಹೂಡಿದ್ದರು. ಒಬ್ಬೊಬ್ಬರಿಗೂ ಮುಚ್ಚಿದ ಲಕೋಟೆಯಲ್ಲಿ ಒಂದು ಪದ. ಅರ್ಥ ಬರೆದು, ಕೆಳಗೆ ಎಂಟು ಪ್ರಯೋಗ, ಅಂದರೆ ಆ ಪದ ಬಳಸಿದ ಎಂಟು ಸಾಲು. ಪುಸ್ತಕದಿಂದ ಎತ್ತಿದ್ದು ಬೇಡ. ಈ ತಿಂಗಳು ಕಣ್ಣಾರೆ ಕಂಡದ್ದೇ ಆಗಬೇಕು. ಮೊದಲು ಮುಗಿದ ಕಾರ್ಡಿನ ಒಡತಿಯ ಹೆಸರು ಹೊಸ ಸಂಪುಟದಲ್ಲಿ ಅಚ್ಚಾಗುತ್ತದೆ. ಹತ್ತೊಂಬತ್ತು ವರ್ಷ ಪದಗಳ ಜೊತೆ ಏಗಿದರೂ ಹಿರಿಯ ಸಹಾಯಕಿಯ ಹೆಸರು ಹಾಜರಿ ಪುಸ್ತಕ ದಾಟಿರಲಿಲ್ಲ.

ಅವಳ ಪಾಲಿಗೆ ಬಂದ ಪದ 'ತೃಪ್ತಿ'. ಮೂರು ವಾರವಾದರೂ ಒಂದೇ ಒಂದು ಪ್ರಯೋಗ ಕಣ್ಣಿಗೆ ಬಿದ್ದಿರಲಿಲ್ಲ. ಎಲ್ಲಿಂದ ಬೀಳಬೇಕು? ಮೊನ್ನೆ ಮೊನ್ನೆ ಸೇರಿದವಳಿಗೆ ಕಿಟಕಿ ಪಕ್ಕದ ಜಾಗ. ಇವಳೆದುರು ಬೀರುವಿನ ಬೆನ್ನು. ಹುಡುಗಿಯ ಕುರ್ಚಿಗೆ ನೀಲಿ ದಿಂಬು ಬಂತು. ಮಾರನೆಯ ದಿನ ಇವಳೂ ನೀಲಿ ದಿಂಬು ತಂದಳು, ಬೆನ್ನುನೋವಿಗೆಂದು. ಹುಡುಗಿ ಹಸಿರು ಶಾಯಿಯಲ್ಲಿ ಬರೆದಳು. ಇವಳೂ ಕೊಂಡಳು, ಕಣ್ಣಿಗೆ ತಂಪೆಂದು. ಹುಡುಗಿಯ ಲೋಟದಲ್ಲಿ ಚಹಾ ಒಂದು ಬೆರಳು ಹೆಚ್ಚಿತ್ತು. ಲೋಟ ಅದಲುಬದಲಾಯಿತು, ಅಕಸ್ಮಾತ್ತಾಗಿ.

ಪ್ರತಿ ಸಲವೂ ಹುಡುಗಿ ನೋಡಿದಳು. ಪ್ರತಿ ಸಲವೂ ಬರೆದಳು. ಎಂಥ ಕಳ್ಳನೋಟ!

ಮಧ್ಯಾಹ್ನ ಸಂಪಾದಕರು ಹುಡುಗಿಯ ಕಾರ್ಡು ಓದಿ ಬಿದ್ದು ಬಿದ್ದು ನಕ್ಕರು. "ಭಲೇ! ಪದ ಎದ್ದು ಓಡಾಡೋ ಹಾಗಿದೆಯಮ್ಮ. ಇನ್ನೊಂದೇ ಬಾಕಿ."

ಹಿರಿಯ ಸಹಾಯಕಿ ಊಟ ಅರ್ಧಕ್ಕೇ ಬಿಟ್ಟಳು. ಡಬ್ಬಿ ಮುಚ್ಚಿ ಸಂಪಾದಕರ ಕೋಣೆಗೆ ನುಗ್ಗಿದಳು.

"ಸಲೀಸಾದ ಪದ ಅವಳಿಗೆ, ಕಬ್ಬಿಣದ ಕಡಲೆ ನನಗೆ! ನನಗೆ ಅವಳ ಪದಾನೇ ಬೇಕು ಸರ್."

"ಅದು ಯಾವ ಪದ ಅಂತ ಗೊತ್ತೇನಮ್ಮ?"

"ಯಾವುದಾದರೇನು? ಅವಳ ಹತ್ತಿರ ಇದೆಯಲ್ಲ, ಸಾಕು."

ಸಂಪಾದಕರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಆಗಲಿ. ಬರೆದದ್ದೂ ಸೇರಿ ನಿಮಗೇ. ಕಾರ್ಡಿನ ಅಡಿಯಲ್ಲಿ ನಿಮ್ಮ ಹೆಸರೇ ಅಚ್ಚಾಗುತ್ತೆ. ಆಮೇಲೆ ಬೇಡ ಅನ್ನಬಾರದು."

"ಅಂತೀನಾ ಸರ್!"

ಹೊರಗೆ ಬಂದು ಕೈ ಚಾಚಿದಳು. "ಕೊಡಮ್ಮ ಇಲ್ಲಿ. ನಿನ್ನ ಪದ ಇನ್ನು ನನ್ನದು. ನಾನೇ ಕೇಳಿ ಇಸ್ಕೊಂಡೆ."

ಹುಡುಗಿ ತಕರಾರೇ ತೆಗೆಯಲಿಲ್ಲ. "ತೊಗೊಳ್ಳಿ ಅಕ್ಕ, ಎಲ್ಲಾ ನಿಮ್ಮಿಂದಲೇ ಆದದ್ದು. ಒಂದೇ ನಿಮಿಷ, ಕೊನೇ ಸಾಲು ಈಗ ತಾನೇ ಸಿಕ್ತು." ಗೀಚಿ, ಶಾಯಿ ಆರಲೆಂದು ಊದಿ ಕೊಟ್ಟಳು. ಆಮೇಲೆ ಇವಳ ಖಾಲಿ ಕಾರ್ಡು ಎಳೆದುಕೊಂಡು, ಇವಳ ಮುಖ ಅರಳಿದ್ದನ್ನು ನೋಡಿ, 'ತೃಪ್ತಿ'ಗೆ ಮೊದಲ ಪ್ರಯೋಗ ಬರೆಯತೊಡಗಿದಳು.

ಹಿರಿಯ ಸಹಾಯಕಿ ಗೆದ್ದ ಕಾರ್ಡನ್ನು ಬೆಳಕಿಗೆ ಹಿಡಿದಳು.

'ಕರುಬು: ಇನ್ನೊಬ್ಬರಲ್ಲಿರುವುದನ್ನು ಕಂಡು ಹೊಟ್ಟೆ ಉರಿದು, ಅದು ತನಗೇ ಬೇಕೆಂದು ಹಾತೊರೆ. ಪ್ರಯೋಗ: ಅಕ್ಕ ನನ್ನ ದಿಂಬು ಕಂಡು ಕರುಬಿದರು. ಶಾಯಿ ಕಂಡು ಕರುಬಿದರು. ಒಂದು ಬೆರಳು ಚಹಾ ಕಂಡು ಕರುಬಿದರು…' ಕೊನೆಯಲ್ಲಿ, ಇನ್ನೂ ಆರದ ಹಸಿರು ಶಾಯಿಯಲ್ಲಿ, ಎಂಟನೆಯದು: 'ಇವತ್ತು, ಯಾವ ಪದವೆಂದು ಕಾಣದೆಯೂ ಕರುಬಿದರು.'