ಧಾರೆ ಸೀರೆಯ ಕಾರ್ಡುಗಳು

ನಿಂಗಕ್ಕ ತನ್ನ ಧಾರೆ ಸೀರೆಯ ಜರಿಯಂಚಿಗೆ ಕತ್ತರಿ ಹಾಕುವ ಹೊತ್ತಿಗೆ ಮೈದುನ ಓಬಳೇಶ ದೋಣಿಮಲೈ ಗಣಿಯಲ್ಲಿ ಪಾಳಿ ಮುಗಿಸಿ ಮನೆಗೆ ಬಂದ. ಗಂಡ ತೀರಿಕೊಂಡ ಮೇಲೆ ಆ ಕೆಂಪು ಸೀರೆ ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ. ಈಗ ಅವಳ ಸುತ್ತ ಮಡಿಸಿದ ಡ್ರಾಯಿಂಗ್ ಹಾಳೆಗಳಿದ್ದವು. ಜರಿ ಅಂಟಿಸಿದರೆ ಕಂಪ್ಲಿಯ ತವರಿಗೂ ಸಂಡೂರಿನ ಗೆಳತಿಯರಿಗೂ ಹೊಸ ವರ್ಷದ ಕಾರ್ಡು ಸಿದ್ಧ.

“ಏನ್ ಮಾಡಾಕತ್ತೀರಿ ಅತ್ತಿಗೆ? ಅದು ನಮ್ಮಣ್ಣ ತಂದ ಸೀರಿ!”

“ನೀವೆಲ್ಲಾ ಉಡಬ್ಯಾಡ ಅಂದ್ರಿ, ಉಡಲಿಲ್ಲ. ಕತ್ತರಿಸಬ್ಯಾಡ ಅಂತ ಯಾರೂ ಅಂದಿಲ್ಲ,” ಎಂದಳು ನಿಂಗಕ್ಕ, ತಲೆ ಎತ್ತದೆ.

“ಗಂಡ ಸತ್ತಾಕಿ ಕಳಿಸಿದ ಶುಭಾಶಯ ಯಾರ್ ಮನ್ಯಾಗ ಇಟ್ಕಂತಾರ?”

ನಿಂಗಕ್ಕ ಕತ್ತರಿಯನ್ನು ಮುಂದಕ್ಕೆ ಒತ್ತಿದಳು. “ಬ್ಯಾಡಾದವರು ಬಿಸಾಕಲಿ. ನಾನಂತೂ ಕಳಿಸಾಕಿನ.”

ಆದರೆ ಸಡಿಲವಾಗಿ ಬಿದ್ದಿದ್ದ ಸೀರೆ ಜಾರಿ ಅಂಚು ಸೊಟ್ಟಗೆ ಹರಿಯಿತು. ಹೋದ ತಿಂಗಳಷ್ಟೇ ಮದುವೆಯಾಗಿ ಬಂದಿದ್ದ ಓಬಳೇಶನ ಹೆಂಡತಿ ವಿರುಪಮ್ಮ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಗಂಡನನ್ನು ದಾಟಿ ಬಂದು ನಿಂಗಕ್ಕನ ಎದುರು ಕುಳಿತಳು. ಹಸಿರು ಬಳೆಯ ಕೈಗಳಿಂದ ಸೀರೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಎಳೆದು ಹಿಡಿದಳು.

“ಈಗ ಕತ್ತರಿಸ್ರಿ ಅಕ್ಕ, ನೆಟ್ಟಗ ಬರ್ತೈತಿ. ಮೊದಲನೇ ಕಾರ್ಡು ನನಗ.”