ಕಡೆಯುವ ಕಲ್ಲಿನ ಮಾನ

ಬಂದರು ಊರಿನ ಆ ಪುಟ್ಟ ಮ್ಯೂಸಿಯಂಗೆ ಹೆಸರು ತಂದದ್ದೇ ಹನ್ನೆರಡನೇ ಶತಮಾನದ ಮಸಾಲೆ ಕಡೆಯುವ ಕಲ್ಲು. ತಪಾಸಣೆಗೆ ಬಂದ ಅಧಿಕಾರಿ ಅದರ ಕುಳಿಯಲ್ಲಿ ಬೆರಳಾಡಿಸಿ, ನಾಲಗೆಗೆ ತಾಗಿಸಿ, ಹುಬ್ಬು ಗಂಟಿಕ್ಕಿದರು. ಮೇಲ್ವಿಚಾರಕಿ ಜಲಜಾಕ್ಷಿ ಪಕ್ಕದಲ್ಲೇ ನಿಂತಿದ್ದಳು.

“ಇದು ಒಣಮೆಣಸಿನ ಖಾರ. ಮೆಣಸಿನಕಾಯಿ ಇಲ್ಲಿಗೆ ತಂದದ್ದೇ ಪೋರ್ಚುಗೀಸರು. ಹಾಗಾದ್ರೆ ನಿಮ್ಮ ಕಲ್ಲು ಅವರಿಗಿಂತ ಹಳೆಯದಲ್ಲ. ಬೋರ್ಡು ತೆಗೆಸಿ.”

ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಕಲ್ಲಿನ ಮಾನ ಹೋಗುತ್ತದೆ. ಜಲಜಾಕ್ಷಿ ಕಲ್ಲನ್ನೊಮ್ಮೆ ನೋಡಿದಳು.

“ಅದು ಬೆಳಿಗ್ಗೆ ನಾನೇ ಕಡೆದದ್ದು ಸರ್. ಮನೆಯ ಮಿಕ್ಸಿ ಹಾಳಾಗಿತ್ತು. ಬಂಗುಡೆ ಮೀನು ತಾಜಾ ಸಿಕ್ಕಿತ್ತು.”

ಅಧಿಕಾರಿ ಬೆರಳನ್ನು ಮತ್ತೊಮ್ಮೆ ನೆಕ್ಕಿದರು.

“ಹನ್ನೆರಡನೇ ಶತಮಾನವೇ ಇರಲಿ. ಸಾರು ಎಲ್ಲುಂಟು?”