ದಯವಿಟ್ಟು ಒತ್ತಿ

ಮೇಲ್‌ನಲ್ಲಿ ‘ದಯವಿಟ್ಟು’ ಎಂಬ ಮಾತು ಕಂಡಾಗಲೇ ಟೈಪಿಸ್ಟ್ ಎಚ್ಚೆತ್ತುಕೊಳ್ಳಬೇಕಿತ್ತು. ಆ ಎಕ್ಸ್‌ರೇ ಕೇಂದ್ರದಲ್ಲಿ ಅವಳ ಮೇಜಿಗೂ ಡಾಕ್ಟರ ಕೋಣೆಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಆದರೂ ಡಾಕ್ಟರು ಬಾಯಿ ತೆರೆದು ಕರೆಯುವವರಲ್ಲ, ಏನಿದ್ದರೂ ಮೇಲ್. ‘ಟೀ.’ ‘ಮುಂದಿನವರು.’ ‘ಫ್ಯಾನು ಸದ್ದು.’ ಅಷ್ಟೇ. ಇವತ್ತು ಅವರ ಹೆಸರಿನಿಂದ ಬಂದದ್ದು ಮಾತ್ರ ಪೂರಾ ವಾಕ್ಯಗಳಲ್ಲಿತ್ತು: ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ. ತಡಮಾಡಿದರೆ ಫೈಲುಗಳೆಲ್ಲ ಅಳಿಸಿಹೋಗುತ್ತವೆ. ದಯವಿಟ್ಟು ಈ ಕೆಳಗೆ ಒತ್ತಿ.’ ಹೆದರಿಕೆಯಾಯಿತು. ಇಷ್ಟು ವರ್ಷಕ್ಕೆ ಒಂದು ಮರ್ಯಾದೆಯ ಮಾತು ಬಂತಲ್ಲ ಎಂದು ಒಂದು ಚೂರು ಹಿತವೂ ಆಯಿತು. ಒತ್ತಿದಳು.

ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಫೈಲುಗಳೆಲ್ಲ ಇದ್ದವು, ಹೆಸರುಗಳಿರಲಿಲ್ಲ. ರೋಗಿಯ ಹೆಸರಿದ್ದ ಕಡೆಯಲ್ಲೆಲ್ಲ ಅಕ್ಷರ, ಅಂಕಿಗಳ ಕಲಸುಮೇಲೋಗರ. ವರದಿಯ ಒಳಗೆ ಹೆಸರು ಬರೆಯುವ ರೂಢಿ ಅಲ್ಲಿಲ್ಲ. ಫೈಲಿಗೆ ಕೊಟ್ಟ ಹೆಸರೇ ಮುದ್ರಿಸುವಾಗ ಹಾಳೆಯ ನೆತ್ತಿಯ ಮೇಲೆ ಬಂದು ಕೂರುತ್ತಿತ್ತು. ಡಾಕ್ಟರಿಗೆ ಹೇಳಿದರೆ ಕೆಲಸ ಹೋದಂತೆಯೇ.

“ಏನಮ್ಮಾ, ನನ್ನ ತೀರ್ಪು ಬರೆದಾಯ್ತಾ?” ಬೆಂಚಿನ ಮೇಲಿದ್ದ ಮುದುಕ ದರ್ಜಿ ಎರಡು ಕೆಮ್ಮಿನ ನಡುವೆ ಬಿಡುವು ಮಾಡಿಕೊಂಡು ಕೇಳಿದ.

“ಇನ್ನೇನು ಆಯ್ತು, ಯಜಮಾನ್ರೇ.”

“ಅವಸರ ಇಲ್ಲ. ಗಲ್ಲಿಗೆ ಹಾಕೋದಾದ್ರೆ ಮೊದ್ಲೇ ಹೇಳ್ಬಿಡು, ಊಟ ಮಾಡ್ಕೊಂಡು ಬರ್ತೀನಿ.”

ಎದೆಯ ವರದಿಗಳು ಎರಡಿದ್ದವು. ಒಂದರಲ್ಲಿ ‘ದೋಷ ಕಾಣುವುದಿಲ್ಲ.’ ಇನ್ನೊಂದರಲ್ಲಿ ‘ಬಲ ಶ್ವಾಸಕೋಶದಲ್ಲಿ ಗಡ್ಡೆ, ತಡಮಾಡದೆ ಮುಂದಿನ ಪರೀಕ್ಷೆ ಆಗಬೇಕು.’ ಒಂದು ದರ್ಜಿಯದು, ಇನ್ನೊಂದು ಹೊಸ ಕೆಲಸಕ್ಕೆ ಸೇರಲು ಆರೋಗ್ಯದ ಸರ್ಟಿಫಿಕೇಟು ಬೇಕೆಂದು ಬಂದಿದ್ದ ಹುಡುಗಿಯದು. ಮೊದಲು ಟೈಪಾದದ್ದು ದರ್ಜಿಯದು ತಾನೆ? ಹೌದು. ಹೌದೆಂದೇ ನೆನಪು. ನೆನಪು ಹೇಳಿದಂತೆ ಹೆಸರು ಕೊಟ್ಟು, ಮುದ್ರಿಸಿ, ಡಾಕ್ಟರ ಮುಂದಿಟ್ಟಳು. ಅವರು ಎಂದಿನಂತೆ ಓದದೆ ಸಹಿ ಹಾಕಿದರು. ದರ್ಜಿಯ ಪಾಲಿಗೆ ‘ದೋಷ ಕಾಣುವುದಿಲ್ಲ’ ಬಂತು. ಅವನು ಹಾಳೆಯನ್ನು ಬೆಳಕಿಗೆ ಹಿಡಿದು, ಬಟ್ಟೆಯ ನೇಯ್ಗೆ ನೋಡುವವನಂತೆ ನೋಡಿ, ಮೊಣಕಾಲಿಗೆ ಕೈಯೂರಿ ಎದ್ದ. ಏಳುವಷ್ಟರಲ್ಲೇ ಏದುಸಿರು ಬಂತು.

ಅವನು ಬಾಗಿಲು ದಾಟುವಾಗ ಆ ಹುಡುಗಿ ಒಳಗೆ ಬಂದಳು. “ಲಿಫ್ಟ್ ಕೆಟ್ಟಿದೆ ಅಕ್ಕಾ, ಮೆಟ್ಟಿಲೆಲ್ಲ ಓಡ್ಕೊಂಡೇ ಬಂದೆ,” ಎಂದಳು. ಮಾತಿನಲ್ಲಿ ಉಸಿರು ಒಂದಿಷ್ಟೂ ಏರಿರಲಿಲ್ಲ.

ವರದಿ ಎತ್ತಿಕೊಳ್ಳಲು ಹೋದ ಟೈಪಿಸ್ಟಳ ಕೈ ಅಲ್ಲೇ ನಿಂತಿತು. “ಒಂದ್ನಿಮಿಷ ಕೂತಿರಮ್ಮ,” ಎಂದು ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಸರ್, ನೀವು ಮೇಲ್‌ನಲ್ಲಿ ಹೇಳಿದ್ರಲ್ಲ, ಹಾಗೇ ಒತ್ತಿದೆ.”

“ಯಾವ ಮೇಲ್?” ಎಂದರು ಡಾಕ್ಟರು. ಧ್ವನಿಯಲ್ಲಿ ಪ್ರಶ್ನೆಯೇ ಇರಲಿಲ್ಲ.

ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. “ಫಿಲ್ಮ್ ಇನ್ನೊಂದ್ಸಲ ನೋಡ್ಬಿಡಿ ಸರ್, ಯಾವ್ದು ಯಾರದ್ದು ಅಂತ ಗೊತ್ತಾಗುತ್ತೆ. ಆಮೇಲೆ ಬೇಕಾದ್ರೆ ನನ್ನ ಕೆಲಸದಿಂದ ತೆಗೀರಿ.”

ಡಾಕ್ಟರು ತಮ್ಮ ಕಂಪ್ಯೂಟರಿನ ಪರದೆಯನ್ನು ಮೆಲ್ಲಗೆ ಅವಳ ಕಡೆಗೆ ತಿರುಗಿಸಿದರು. ಸಾಲಾಗಿ ಬಿಳಿ ಎದೆಗೂಡುಗಳು. ಒಂದೊಂದರ ಕೆಳಗೂ ಅದೇ ಕಲಸುಮೇಲೋಗರ.

“ಬೆಳಿಗ್ಗೆ ನನಗೂ ಬಂದಿತ್ತು. ನಾನೂ ಒತ್ತಿದೆ. ನಿಮಗೆ ಬಂದದ್ದು ನಾನು ಕಳಿಸಿದ್ದಲ್ಲ. ಆ ವೈರಸ್ಸೇ ನನ್ನ ಹೆಸರಲ್ಲಿ ಕಳಿಸಿರೋದು.”

“ಹಾಗಾದ್ರೆ ರಿಪೋರ್ಟು ಹೇಗೆ ಬರೆದ್ರಿ ಸರ್?”

“ಯಾರ ಹಿಂದೆ ಯಾರು ಬಂದ್ರು ಅಂತ ನೆನಪಿತ್ತು.”

“ನನಗೂ ನೆನಪಿತ್ತು ಸರ್,” ಎಂದಳು ಅವಳು.

ಗೋಡೆಯಾಚೆ ಹುಡುಗಿ ಯಾವುದೋ ಹಾಡು ಗುನುಗುತ್ತಿದ್ದಳು.

“ಇಬ್ಬರದ್ದೂ ಇನ್ನೊಂದ್ಸಲ ತೆಗೆಯೋಣ ಸರ್.”

“ಏನಂತ ಹೇಳಿ ಕರೀತೀರಿ? ಸುದ್ದಿ ಹೊರಗೆ ಹೋದ್ರೆ ನಾಳೆ ಇಲ್ಲಿಗೆ ನೊಣಾನೂ ಬರಲ್ಲ.”

“ಆ ಅಜ್ಜ ಇಳಿದು ಹೋಗ್ತಿದಾರೆ ಸರ್.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಅವಳು ಅಪ್ಪಣೆಗೆ ಕಾಯಲಿಲ್ಲ.

ದರ್ಜಿ ಮೆಟ್ಟಿಲಿನ ತಿರುವಿನಲ್ಲಿ ಕಂಬಿ ಹಿಡಿದು ನಿಂತು, ಫೋನಿನಲ್ಲಿ ಹೆಂಡತಿಗೆ ಹೇಳುತ್ತಿದ್ದ. “ಏನೂ ಇಲ್ವಂತೆ ಕಣೇ. ಸುಮ್ನೆ ಇಷ್ಟು ದಿನ ಹೆದರ್ಕೊಂಡು ಸತ್ವಿ. ಅಳ್ತೀಯಾಕೆ, ಒಳ್ಳೆ ಸುದ್ದಿ ಹೇಳಿದ್ರೂ ಅಳ್ತಾಳೆ ನೋಡು.”

“ಯಜಮಾನ್ರೇ,” ಟೈಪಿಸ್ಟ್ ಮೇಲಿನಿಂದಲೇ ಕೈ ಚಾಚಿದಳು. “ಆ ರಿಪೋರ್ಟು ಒಂದ್ಸಲ ಕೊಡ್ತೀರಾ?”

ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಸೇರಿಸಿ, ಅದರ ಮೇಲೆ ಅಂಗೈ ಒತ್ತಿಕೊಂಡ.

“ಉಹುಂ. ಬೇರೆ ಏನಾದ್ರೂ ಕೇಳಮ್ಮ, ಕೊಡ್ತೀನಿ.”